ಹಾಳು ಹಂಪೆಯೂ ಹಕ್ಕಿಯ ಕೆರೆಯೂ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಎಂಟನೆಯ ವಯಸ್ಸಿನಲ್ಲಿ ಮಠದ ಪಾಠಶಾಲೆಯನ್ನು ಸೇರಿ, ಅಲ್ಲಿಯ ಪ್ರಸಾದದಿಂದ ಬೆಳೆದು, ಗುರುಗಳ ಕೃಪೆಯಿಂದ ನಾಲ್ಕಕ್ಷರ ಕಲಿತ ನಾವು ಕೋಶವನ್ನು ಯಥಾಶಕ್ತಿ ಓದಿದ್ದೇವೆ; ದೇಶ ಸುತ್ತುವ ಯೋಗ ಮಾತ್ರ ಅಷ್ಟಾಗಿ ಒದಗಲಿಲ್ಲ. ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನಕ್ಕೆಂದು ಊರೂರಿಗೆ ಹೋಗುತ್ತೇವೆ, ನಿಜ. ಆದರೆ ಹೋದಲ್ಲಿ ಕಾಣುವುದು ಗುಡಿ, ವೇದಿಕೆ, ಪ್ರಸಾದದ ಪಂಕ್ತಿ, ಮತ್ತೆ ಬೆಳಗಿನ ಬಸ್ಸು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಅರವತ್ತೈದರ ಹೊಸ್ತಿಲಿಗೆ ಬಂದರೂ ಮಗ್ಗುಲಲ್ಲಿಯೇ ಇರುವ ಹಂಪೆಯನ್ನು ಸಾವಕಾಶವಾಗಿ ನೋಡಿರಲಿಲ್ಲವೆಂದರೆ ವಾಚಕರು ನಗಬಹುದು. ಆ ಕೊರತೆ 2025ರ ಸಂಕ್ರಾಂತಿಯ ನಂತರದ ಭಾನುವಾರ ನೀಗಿತು. ನೀಗುವಾಗ ಅದು ನಮ್ಮೊಳಗಿನ ಇನ್ನೊಂದು ಕೊರತೆಯನ್ನು ತೋರಿಸಿಕೊಟ್ಟಿತು. ಅದನ್ನು ಶರಣಬಂಧುಗಳ ಮುಂದೆ ನಿವೇದಿಸಿಕೊಳ್ಳಲೆಂದೇ ಈ ಬರಹ.

ನಾವು ವಾಸವಾಗಿರುವುದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಶಾಲೆಯಲ್ಲಿ ‘ಜೌಗು ಪ್ರದೇಶಗಳು’ ಎಂಬ ವಿಷಯದ ಮೇಲೆ ಬರೆದುಕೊಂಡು ಬರಲು ಹೇಳಿದ್ದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ಕಣ್ಣಾರೆ ನೋಡಿಯೇ ಬರೆಯುವುದಾಗಿ ಆ ಮಗು ಹಟ ಹಿಡಿಯಿತು. “ಅಷ್ಟು ದೂರ ಹೋಗುವುದಾದರೆ ಹಂಪೆಯೂ ಆಗಲಿ” ಎಂದು ನಮ್ಮ ಮನೆಯವರು ಸೇರಿಸಿದರು. ಮಗ ಬಾಡಿಗೆ ಕಾರು ಗೊತ್ತುಮಾಡಿದ.

ಅದೇ ವಾರ ನಮ್ಮ ಪೇಟೆಯಲ್ಲಿ ಸಿದ್ಧರಾಮೇಶ್ವರ ಜಯಂತಿ ನಡೆದಿತ್ತು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಪುಣ್ಯಕಥೆಯನ್ನು ನಾವು ಒಂದು ಗಂಟೆ ಕಾಲ ವಿವರಿಸಿದ್ದೆವು, ಜನ ತಲೆದೂಗಿದ್ದರು. ಎರಡು ದಿನ ಕಳೆದ ಮೇಲೆ ಕುರುಗೋಡು ಸೀಮೆಯಲ್ಲಿರುವ ನಮ್ಮ ಹುಟ್ಟೂರಿನಿಂದ ಮೂವರು ಹಿರಿಯರು ಮನೆಗೆ ಬಂದರು. “ಶಾಸ್ತ್ರಿಗಳೇ, ಜಯಂತ್ಯಾಗ ನೀವು ಮಾತಾಡಿದ್ದು ಕೇಳಿದ್ವಿ. ಬ್ಯಾಸಿಗ್ಯಾಗ ನಮ್ಮೂರ ಕೆರೆ ಹೂಳು ತೆಗೀಬೇಕಂತ ಮಾಡೀವಿ. ಪೂಜಿಗೆ ನೀವೇ ಬರಬೇಕು, ನಾಲ್ಕು ಮಾತು ಹೇಳಬೇಕು” ಎಂದರು. ನಾವು ಸಂತೋಷದಿಂದ ಒಪ್ಪಿಕೊಂಡೆವು. ಚಹ ಕುಡಿದು ಎದ್ದು, ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರಲ್ಲಿ ಹಿರಿಯರು ನೆಲ ನೋಡುತ್ತ, “ಕೆರಿ ಅಂಗಳದಾಗ ಕೆಲವರ ಹೊಲ ಅದಾವ. ಅವರಿಗೂ ನೀವು ಒಂದು ಮಾತು ಹೇಳಿದ್ರ ಛಲೋ ಆಗ್ತದ” ಎಂದರು. ಆ ಮಾತಿನ ಅರ್ಥ ನಮಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಿಡಿಸಿ ಹೇಳಲಿಲ್ಲ.

ಭಾನುವಾರ ನಸುಕಿನಲ್ಲಿ ಪೂಜೆ ಮುಗಿಸಿ ಹೊರಟೆವು. ಸೊಸೆ ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿದ್ದಳು. ಊರ ನಡುವಿನ ಏಕಶಿಲೆಯ ಗುಡ್ಡ ಕತ್ತಲೆಯಲ್ಲಿ ಆನೆ ಮಲಗಿದಂತೆ ಕಾಣುತ್ತಿತ್ತು. ಅದರ ಮೇಲಿನ ಕೋಟೆ ಪಾಳೆಯಗಾರ ಹನುಮಪ್ಪ ನಾಯಕನದೆಂದೂ ಕೆಳಗಿನದು ಹೈದರಾಲಿಯ ಕಾಲದ್ದೆಂದೂ ಮೊಮ್ಮಗಳಿಗೆ ಹೇಳಿದೆವು. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಗೆ ಹೋದ ಈ ಸೀಮೆ ಮುಂದೆ ಮದ್ರಾಸು ಪ್ರಾಂತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಕಥೆಯನ್ನೂ ಹೇಳತೊಡಗಿದೆವು. ಅಷ್ಟರಲ್ಲಿ ಆಕೆ ನಿದ್ರೆಹೋಗಿದ್ದಳು.

ಹಂಪೆಗೆ ಕುಡತಿನಿ, ತೋರಣಗಲ್ಲು ಮಾರ್ಗವಾಗಿ ಹೋಗುವುದು ರೂಢಿ. ಕುರುಗೋಡಿನ ದೊಡ್ಡ ಬಸವೇಶ್ವರನ ದರ್ಶನವಾಗಲೆಂದು ನಾವು ಕಂಪ್ಲಿಯ ದಾರಿ ಹಿಡಿದೆವು. ಬೆಳಕು ಹರಿಯುವ ಹೊತ್ತಿಗೆ ಗರ್ಭಗುಡಿಯ ಆ ಏಕಶಿಲೆಯ ಬೃಹತ್ ಬಸವನ ಮುಂದೆ ನಿಂತಿದ್ದೆವು. ಎಷ್ಟು ಸಲ ನೋಡಿದರೂ ಆ ಮುಖದ ಮುಂದೆ ಮನುಷ್ಯ ಚಿಕ್ಕವನಾಗಿಬಿಡುತ್ತಾನೆ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿಂದ ಮುಂದೆ ನಮ್ಮ ಹಳ್ಳಿಗೆ ತಿರುಗುವ ಕೈಮರ ಬಂದಾಗ ಮಗ ಕಾರು ನಿಧಾನಿಸಲು ಹೇಳಿ, “ಅಪ್ಪಾಜಿ, ಐದು ನಿಮಿಷ ಚಿಕ್ಕಪ್ಪನ ಮನೆಗೆ ಹೋಗಿಬರೋಣವೇ?” ಎಂದು ಕೇಳಿದ. “ತಡವಾಗುತ್ತದೆ, ನಡೆ” ಎಂದೆವು. ತಡವೇನೂ ಆಗುತ್ತಿರಲಿಲ್ಲ.

ಕಂಪ್ಲಿಯಿಂದ ಕಮಲಾಪುರದವರೆಗಿನ ದಾರಿಯ ಎರಡೂ ಬದಿಗೆ ಬತ್ತದ ಮಡಿಗಳು, ಬಾಳೆ, ಕಬ್ಬು. ಎರಡನೆಯ ಬೆಳೆಯ ನಾಟಿ ನಡೆದಿತ್ತು. ತುಂಗಭದ್ರೆಯ ಮುದ್ಲಾಪುರದಿಂದ ಈ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ಸರಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಮೀಸಲು ಎಂದು ಘೋಷಿಸಿದೆಯೆಂದು ಎಚ್ಚೆತ್ತ ಮೊಮ್ಮಗಳು ತನ್ನ ಟಿಪ್ಪಣಿ ಪುಸ್ತಕ ನೋಡಿ ಹೇಳಿದಳು. ಆ ಸೀಮೆಯ ಊರುಗಳ ಹೆಸರನ್ನು ಗಮನಿಸಿರಿ: ರಾಮಸಾಗರ, ದೇವಸಮುದ್ರ, ಬುಕ್ಕಸಾಗರ. ಕಡಲು ಕಾಣದ ನಾಡಿನಲ್ಲಿ ಇಷ್ಟೊಂದು ಸಾಗರ, ಸಮುದ್ರಗಳು ಹೇಗೆ ಬಂದವು? ಕೆರೆ ಕಟ್ಟಿ ಅದನ್ನು ಸಮುದ್ರವೆಂದು ಕರೆದ ಜನ ನಮ್ಮವರು. ಮಳೆ ಕಡಿಮೆಯಾದ ನಾಡಿಗೆ ನಿಂತ ನೀರೆಲ್ಲವೂ ಸಮುದ್ರವೇ.

ಹಂಪೆಯಲ್ಲಿ ಮೊದಲು ವಿರೂಪಾಕ್ಷನ ದರ್ಶನ. ಕೃಷ್ಣದೇವರಾಯನು ಪಟ್ಟಾಭಿಷೇಕದ ಸಂದರ್ಭದಲ್ಲಿ ಇಲ್ಲಿ ರಂಗಮಂಟಪ ಕಟ್ಟಿಸಿದ್ದನ್ನು 1510ರ ಶಾಸನ ಹೇಳುತ್ತದೆ. ಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ, ಗೋಡೆಯ ಒಂದು ಕಿಂಡಿಯಿಂದ ಬಂದ ಬೆಳಕು ಮಹಾಗೋಪುರದ ನೆರಳನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವ ಚಮತ್ಕಾರವನ್ನು ನೋಡಿ ಮೊಮ್ಮಗಳು ಕೈತಟ್ಟಿದಳು. ನಮಗೋ, ಇದು ಹರಿಹರ ಮಹಾಕವಿಯ ಹಂಪೆ. ‘ಗಿರಿಜಾಕಲ್ಯಾಣ’ವನ್ನೂ ಶಿವಶರಣರ ರಗಳೆಗಳನ್ನೂ ಬರೆದವನ ಊರು. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ದ ಜೊತೆಗೆ ‘ಸಿದ್ಧರಾಮ ಚಾರಿತ್ರ’ವನ್ನೂ ಬರೆದ. ವಿಜಯನಗರದ ಕೋಟೆ ಏಳುವುದಕ್ಕೆ ಮೊದಲೇ ಹಂಪೆಯ ಕವಿಯೊಬ್ಬ ಕೆರೆ ಕಟ್ಟಿಸಿದ ಶರಣನ ಚರಿತ್ರೆಯನ್ನು ಹಾಡಿದ್ದನೆಂಬುದು ನಮಗೆ ಗೊತ್ತಿದ್ದ ಸಂಗತಿಯೇ. ಆ ದಿನ ಮಾತ್ರ ಅದು ನಮ್ಮನ್ನೇ ಉದ್ದೇಶಿಸಿ ಹೇಳಿದಂತೆ ಮನಸ್ಸಿಗೆ ಬಂತು.

ಮುಂದೆ ಪ್ರೌಢದೇವರಾಯನ ಆಳ್ವಿಕೆಯಲ್ಲಿ ಇದೇ ನಗರ ನೂರೊಂದು ವಿರಕ್ತರಿಗೂ ‘ಪ್ರಭುಲಿಂಗಲೀಲೆ’ಯ ಚಾಮರಸನಿಗೂ ‘ಶಿವತತ್ತ್ವ ಚಿಂತಾಮಣಿ’ಯ ಲಕ್ಕಣ್ಣ ದಂಡೇಶನಿಗೂ ಆಶ್ರಯವಾಯಿತು. 1565ರಲ್ಲಿ ರಕ್ಕಸತಂಗಡಿಯ ಕಾಳಗವಾಯಿತು, ನಗರ ಹಾಳಾಯಿತು. ಇವೆಲ್ಲ ವಾಚಕರಿಗೆ ತಿಳಿದುದೇ. ನಮ್ಮ ಗಮನವನ್ನು ಸೆಳೆದದ್ದು ಹಾಳಾಗದೆ ಉಳಿದದ್ದು. ಉಗ್ರನರಸಿಂಹನ ಮಗ್ಗುಲಲ್ಲಿ ಬಡವಿಲಿಂಗವಿದೆ. ಆಳೆತ್ತರಕ್ಕೂ ಮಿಗಿಲಾದ ಆ ಶಿಲಾಲಿಂಗದ ಪೀಠ ಸದಾ ನೀರಿನಲ್ಲಿ ನಿಂತಿರುತ್ತದೆ. ಕಾಲುವೆಯಿಂದ ಬರುವ ನೀರು ಅದು. ದೊರೆ ಹೋದ, ದಂಡನಾಯಕ ಹೋದ, ಪೇಟೆಯ ರತ್ನವ್ಯಾಪಾರಿಗಳು ಹೋದರು. ಕಾಲುವೆಯ ನೀರು ಮಾತ್ರ ಈ ಲಿಂಗದ ಪಾದವನ್ನು ಬಿಟ್ಟು ಹೋಗಿಲ್ಲ. ತುರುತ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳು ವಿಜಯನಗರದ ಕಾಲದಲ್ಲಿ ತೋಡಿದವು. ಅವುಗಳ ನೀರಿನಲ್ಲಿಯೇ ಈಗಲೂ ಹಂಪೆ, ಹೊಸಪೇಟೆಗಳ ಬಾಳೆ, ಬತ್ತ ಬೆಳೆಯುತ್ತವೆ. ಅರಮನೆಯ ಅಡಿಗಲ್ಲು ಮಾತ್ರ ಉಳಿದಿದೆ. ರೈತನ ಗದ್ದೆ ಹಸಿರಾಗಿಯೇ ಇದೆ.

ಅರಮನೆಯ ಆವರಣದಲ್ಲಿ ಕಲ್ಲಿನ ಮೇಲ್ಗಾಲುವೆಯನ್ನೂ ಅದು ತಲುಪುವ ಮೆಟ್ಟಿಲು ಪುಷ್ಕರಣಿಯನ್ನೂ ನೋಡಿದೆವು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಕೊಳ ಅದು. ಕಪ್ಪು ಶಿಲೆಯ ಪ್ರತಿಯೊಂದು ಕಲ್ಲಿನ ಮೇಲೂ ಅದು ಕೂರಬೇಕಾದ ದಿಕ್ಕು, ಸಾಲುಗಳನ್ನು ಸೂಚಿಸುವ ಗುರುತು ಕೊರೆದಿದ್ದಾರೆ. ಒಂದು ಕಲ್ಲೂ ತನ್ನ ಸ್ಥಾನ ಬಿಟ್ಟು ಇನ್ನೊಂದರ ಸ್ಥಾನಕ್ಕೆ ಹೋಗಬಾರದೆಂಬ ಎಚ್ಚರ! ಮೊಮ್ಮಗಳು ಆ ಗುರುತುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ನಮಗೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ ನೆನಪಾಯಿತು. 1369ರಲ್ಲಿ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕೆರೆ ಕಟ್ಟಿಸಿ ಬರೆಸಿದ ಸಂಸ್ಕೃತ ಶಾಸನ. ಎರಡು ವರ್ಷ ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ: ಧರ್ಮವಂತನಾದ ದೊರೆ, ಜಲಶಾಸ್ತ್ರ ಬಲ್ಲವನು, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ ಇತ್ಯಾದಿ ಸಾಧನಗಳು, ಏರಿಯಿಂದ ನೀರು ಜಿನುಗುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು ಇತ್ಯಾದಿ ದೋಷಗಳು. ಏಳು ಬಗೆಯ ಸಂತಾನಗಳಲ್ಲಿ ಕೆರೆಯೂ ಒಂದೆಂದು ಪ್ರಾಚೀನರು ಭಾವಿಸಿದ್ದರು. ಶಾಸನದ ಪಾಠವನ್ನು ನಾವು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇವೆ. ಕೆರೆಯನ್ನು ನೋಡಿಕೊಳ್ಳುವವನಿಗೆ ಬಿಟ್ಟ ಕಟ್ಟುಕೊಡಗೆಯ ಭೂಮಿ, ದಶವಂದದ ಭೂಮಿಗಳನ್ನು ಅಪಹರಿಸಿದವನಿಗೆ ಶಾಸನದ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನೂ ರಾಗವಾಗಿಯೇ ಓದಿದ್ದೇವೆ. ಆ ಬಿಸಿಲಿನಲ್ಲಿ, ಆ ಕೊಳದ ಮೆಟ್ಟಿಲ ಮೇಲೆ ಕುಳಿತಾಗ ಆ ಶಾಪವಾಕ್ಯ ಬೇಡವೆಂದರೂ ನಾಲಗೆಗೆ ಬಂತು. ಮನೆಯವರು “ಯಾಕೆ ಸುಮ್ಮನಾದಿರಿ? ಬಿಸಿಲು ಹತ್ತಿತೇ?” ಎಂದು ನೀರು ಕೊಟ್ಟರು.

ಮಧ್ಯಾಹ್ನ ಹೊಸಪೇಟೆಯನ್ನು ದಾಟಿದೆವು. ಊರಿನ ದಕ್ಷಿಣಕ್ಕೆ, ಗುಡ್ಡಗಳ ನಡುವೆ ರಾಯರ ಕೆರೆಯಿದೆ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತನ್ನ ಕಣ್ಣೆದುರು ಕಟ್ಟುತ್ತಿದ್ದ ಒಂದು ಮಹಾಕೆರೆಯನ್ನು ವರ್ಣಿಸಿದ್ದಾನೆ. ಅದು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದೂ, ಏರಿ ಮತ್ತೆ ಮತ್ತೆ ಒಡೆದಾಗ ಸೆರೆಯಾಳುಗಳನ್ನು ಬಲಿಕೊಟ್ಟರೆಂದೂ ಅವನು ಬರೆಯುತ್ತಾನೆ. ನಮ್ಮ ತಾಯಂದಿರು ಹಾಡುವ ‘ಕೆರೆಗೆ ಹಾರ’ದ ಭಾಗೀರಥಿಯ ಕಥೆಯೂ ಅಂಥದೇ ಅಲ್ಲವೇ? ಅಷ್ಟು ದೊಡ್ಡ ದೊರೆಯ ಅಷ್ಟು ದೊಡ್ಡ ಕೆರೆ ಈಗ ಬಹುಕಾಲ ಒಣಗಿಯೇ ಇರುತ್ತದೆ.

ಅಲ್ಲಿಂದ ಮುಂದೆ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು. 1953ರಲ್ಲಿ ಈ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ಮೇಲೆಯೇ ಸಿರುಗುಪ್ಪ, ಕುರುಗೋಡು, ಕಂಪ್ಲಿಗಳ ಎರೆಭೂಮಿ ಬತ್ತದ ಕಣಜವಾಯಿತು. ಆ ಉಪಕಾರವನ್ನು ಮರೆಯಲಾಗದು. ಅದಕ್ಕಾಗಿ ಮುಳುಗಿದ ಹಳ್ಳಿಗಳನ್ನೂ ಮರೆಯಲಾಗದು. ನಾರಾಯಣದೇವರಕೆರೆಯೆಂಬ ಊರೇ ನೀರಿನೊಳಗೆ ಹೋಗಿ ಅಲ್ಲಿನ ಎಷ್ಟೋ ಮನೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮೊದಲಿಗೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಸೀಮೆಯ ಯಾವ ಮನೆಯಲ್ಲಿಯೂ ಜನ ನೆಮ್ಮದಿಯಿಂದ ಮಲಗಲಿಲ್ಲ. ನಾಟಿ ಮಾಡಿದ ಬತ್ತ ಏನಾಗುವುದೋ ಎಂದು ನಮ್ಮ ತಮ್ಮ ರಾತ್ರಿ ಎರಡು ಗಂಟೆಗೆ ಫೋನು ಮಾಡಿದ್ದ. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಮಳೆಯೂ ಕೈಬಿಡಲಿಲ್ಲ. ಆದರೆ ಎಷ್ಟು ಜಿಲ್ಲೆಗಳ ಅನ್ನ ಒಂದು ಸರಪಳಿಗೆ ಜೋತುಬಿದ್ದಿತ್ತೆಂಬುದು ಅಂದು ಎಲ್ಲರಿಗೂ ಗೊತ್ತಾಯಿತು. ಕಾಲುವೆ ಬಂದಿತೆಂದು ಊರೂರ ಕೆರೆಗಳನ್ನು ಮರೆತವರು ನಾವು.

ಅಂಕಸಮುದ್ರ ತಲುಪಿದಾಗ ಹೊತ್ತು ಇಳಿಮುಖವಾಗಿತ್ತು. ಏರಿಯನ್ನು ಹತ್ತಿ ನಿಂತೆವು. ಕಾರು ಇಳಿಯುವಾಗಲೇ ಜಾತ್ರೆಯ ಗದ್ದಲದಂಥ ಸದ್ದು ಕೇಳಿಸಿತ್ತು. ಕಣ್ಣಿಗೆ ಕಂಡಾಗ ಬೆರಗಾದೆವು. ನೀರಿನ ನಡುವೆಯೇ ನಿಂತ ಕರಿಜಾಲಿಯ ಮರಗಳು. ಒಂದೊಂದು ಮರದ ತಲೆಯ ಮೇಲೂ ಹತ್ತಾರು ಗೂಡುಗಳು. ಗೂಡುಗಳಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಕೆಂಪೇರಿದ ಮುಖ, ಬಾಲದ ಬಳಿಯ ಗರಿಗಳಲ್ಲಿ ನಸುಗೆಂಪು. ಕರಿತಲೆಯ ಕೆಂಬರಲುಗಳು ಕೆಸರಿನಲ್ಲಿ ಬಾಗಿದ ಕೊಕ್ಕು ಊರಿ ಹೆಜ್ಜೆಯಿಡುತ್ತಿದ್ದವು. ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದವು. ತಾಯಿ ಬಂದಾಗ ಮರಿಗಳೆಲ್ಲ ಒಮ್ಮೆಲೇ ಬಾಯಿ ತೆರೆಯುವುದನ್ನು ನೋಡಿ ನಮ್ಮ ಮನೆಯವರು ಮೊಣಕಾಲು ನೋವನ್ನೂ ಮರೆತು ನಿಂತೇಬಿಟ್ಟರು.

ಮೊಮ್ಮಗಳು ತಾನು ಬರೆದುಕೊಂಡದ್ದನ್ನು ಓದಿ ಹೇಳಿದಳು. ಹಳ್ಳಿಯ ನೀರಾವರಿಗೆಂದು ಶತಮಾನಗಳ ಹಿಂದೆ ಕಟ್ಟಿದ ಈ ಕೆರೆಯ ವಿಸ್ತಾರ 244 ಎಕರೆ. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆಗಳೊಂದಿಗೆ ಇದೂ ರಾಮ್ಸರ್ ಪಟ್ಟಿಗೆ ಸೇರಿತು. ಇರಾನ್ ದೇಶದ ರಾಮ್ಸರ್ ಎಂಬ ಊರಿನಲ್ಲಿ 1971ರಲ್ಲಿ ಹಲವು ದೇಶಗಳು ಕೂಡಿ ಜೌಗು ನೆಲಗಳ ರಕ್ಷಣೆಗೆ ಮಾಡಿಕೊಂಡ ಒಪ್ಪಂದದ ಪಟ್ಟಿ ಅದು. ಇಲ್ಲಿ 240 ಜಾತಿಯ ಹಕ್ಕಿಗಳು, 41 ಜಾತಿಯ ಮೀನುಗಳು, 210ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಗುರುತಿಸಿದ್ದಾರೆ. ಮೂವತ್ತು ಸಾವಿರಕ್ಕೂ ಮಿಕ್ಕಿ ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಹಂಪೆಯನ್ನು 1986ರಲ್ಲಿ ಜಗತ್ತು ತನ್ನ ಪರಂಪರೆಯೆಂದು ಒಪ್ಪಿಕೊಂಡಿತಲ್ಲ, ಹಾಗೆಯೇ ಹೆಸರಿಲ್ಲದ ಒಡ್ಡರು, ಒಕ್ಕಲಿಗರು ಕಟ್ಟಿದ ಈ ಕೆರೆಯನ್ನೂ ಜಗತ್ತು ಒಪ್ಪಿಕೊಂಡಿತು.

ಏರಿಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ದನ ಹೊಡೆದುಕೊಂಡು ಬಂದ ಊರ ವೃದ್ಧರೊಬ್ಬರನ್ನು ಕರೆದು ರೊಟ್ಟಿ ಕೊಟ್ಟೆವು. “ಹಕ್ಕಿಗಳಿಂದ ಬೆಳೆಗೆ ತೊಂದರೆಯಿಲ್ಲವೇ?” ಎಂದು ಕೇಳಿದರೆ ಅವರು ನಕ್ಕರು. “ಅವು ತಿನ್ನಾದು ಮೀನು, ಹುಳ. ಅವು ಹಾಕಿದ್ದು ನೀರಾಗ ಬೀಳ್ತದ, ನೀರು ಹೊಲಕ್ಕ ಬರ್ತದ, ಗೊಬ್ಬರ ಆಗ್ತದ. ಕೆರಿ ನಮ್ದು ಅಂತೀವಿ, ಅವೂ ತಮ್ದು ಅಂತಾವ. ಇಬ್ರಿಗೂ ಸಾಕಾಗ್ತದ್ರೀ” ಎಂದರು.

ಆಗ ಮೊಮ್ಮಗಳು ಮೊಸರನ್ನದ ತುತ್ತು ಕೈಯಲ್ಲಿ ಹಿಡಿದೇ ಕೇಳಿದಳು: “ತಾತ, ನಮ್ಮೂರ ಕೆರೆಗೆ ಹಕ್ಕಿ ಯಾಕೆ ಬರಲ್ಲ?”

“ನೀರಿಲ್ಲವಮ್ಮ.”

“ನೀರು ಯಾಕಿಲ್ಲ?”

“ಹೂಳು ತುಂಬಿದೆ.”

“ಚಿಕ್ಕತಾತನ ಹೊಲ ಇರೋದು ಕೆರೆ ಒಳಗೇ ಅಲ್ಲವಾ ತಾತ? ರಜೆಗೆ ಹೋದಾಗ ಏರಿ ಮೇಲಿಂದ ನೋಡಿದ್ದೆ.”

ಮಗ ಮುಖ ತಿರುಗಿಸಿದ. ನಮಗೆ ತುತ್ತು ಇಳಿಯಲಿಲ್ಲ. ಏಕೆಂದರೆ ಆ ಮೊಸರನ್ನದ ಅಕ್ಕಿ ಆ ಹೊಲದ್ದೇ.

ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. 1972ರ ಬರಗಾಲದಲ್ಲಿ ನಮ್ಮ ಊರ ಕೆರೆ ತಳ ಕಂಡಿತು. ಮನೆಯಲ್ಲಿ ಜೋಳವಿರಲಿಲ್ಲ. ಅಂಗಳದ ಅಂಚಿನಲ್ಲಿ ಹಸಿ ಇದೆಯೆಂದು ನಮ್ಮ ತಂದೆಯವರು ನೇಗಿಲು ಹೂಡಿದರು. ಪಾಠಶಾಲೆಯಿಂದ ರಜೆಗೆ ಬಂದಿದ್ದ ಹನ್ನೆರಡರ ಬಾಲಕರಾದ ನಾವೇ ನೇಗಿಲ ಹಿಂದೆ ಬೀಜ ಬಿಟ್ಟೆವು. ಆ ವರ್ಷ ಅದು ಹಸಿವಿನ ಕೆಲಸ, ಯಾರೂ ಬೇಡವೆನ್ನಲಿಲ್ಲ. ಮರುವರ್ಷ ಮಳೆ ಬಂತು, ನೇಗಿಲು ಹಿಂದೆ ಸರಿಯಲಿಲ್ಲ. ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು ಇಳಿದರು. ಕೆರೆಗೆ ನೀರು ತರುವ ಹಳ್ಳ ಸಣ್ಣದಾಯಿತು. ಮೇಲೆ ಕಾಲುವೆಯ ನೀರು ಬಂದಿದ್ದರಿಂದ ಕೆರೆ ಯಾರಿಗೂ ಬೇಕಾಗಲಿಲ್ಲ. 1994ರಲ್ಲಿ ಮನೆ ಪಾಲಾದಾಗ ಆ ಮುಕ್ಕಾಲು ಎಕರೆ ಯಾವ ಕಾಗದದಲ್ಲಿಯೂ ಇರಲಿಲ್ಲ, ಆದರೂ ಪಾಲಿನಲ್ಲಿ ಬಂತು. ತಮ್ಮ ಉಳುವುದು, ವರ್ಷಕ್ಕೆ ಆರು ಚೀಲ ಅಕ್ಕಿ ಸತ್ಯನಾರಾಯಣಪೇಟೆಗೆ ಕಳಿಸುವುದೆಂದು ಮಾತಾಯಿತು. ಮೂವತ್ತು ವರ್ಷ ಆ ಅಕ್ಕಿಯನ್ನು ಉಂಡೇ ನಾವು ಕಾಯಕ, ದಾಸೋಹಗಳ ಪ್ರವಚನ ಮಾಡಿದ್ದೇವೆ. ಸಿದ್ಧರಾಮರ ಕೆರೆಯ ಕಥೆ ಹೇಳಿ ಹಾರ ಹಾಕಿಸಿಕೊಂಡಿದ್ದೇವೆ.

ಕೊಕ್ಕರೆಗಳು ಗುಂಪುಗುಂಪಾಗಿ ಮರಗಳಿಗೆ ಮರಳುತ್ತಿದ್ದವು. ನಾವು ಏರಿಯ ಮೇಲೆ ಒಬ್ಬರೇ ಸ್ವಲ್ಪ ದೂರ ನಡೆದೆವು. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆಯ ಕೆಲಸದಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕುವ ಪ್ರಸಂಗ ಪ್ರಸಿದ್ಧವಾದುದು. ಹೊರಗಿನ ಕೆರೆಗಿಂತ ಒಳಗಿನ ಅರಿವು ದೊಡ್ಡದೆಂಬುದು ಅದರ ಸಾರವೆಂದು ನಾವು ನಲವತ್ತು ವರ್ಷ ಹೇಳುತ್ತ ಬಂದೆವು. ಆ ಸಂಜೆ ಒಂದು ಸಣ್ಣ ಸಂಗತಿ ಹೊಳೆಯಿತು. ಅಲ್ಲಮರು ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದೊಯ್ದರು; ಕೆರೆಯನ್ನು ಮುಚ್ಚಿಸಲಿಲ್ಲ. ಸೊಲ್ಲಾಪುರದಲ್ಲಿ ಇಂದಿಗೂ ಸಿದ್ಧರಾಮರ ಗುಡಿಯ ಸುತ್ತ ನೀರು ನಿಂತಿದೆ. ಕೆರೆ ಕಟ್ಟಿದವನಿಗೆ ‘ನಾನು ಕಟ್ಟಿದೆ’ ಎಂಬ ಅಹಂಕಾರ ಬಿಡಬೇಕೆಂಬ ಉಪದೇಶ ಒಪ್ಪುತ್ತದೆ. ಕೆರೆಯನ್ನು ಕಬಳಿಸಿದವನಿಗೆ ಆ ಉಪದೇಶ ಹತ್ತುವುದೇ ಇಲ್ಲ. ಅವನು ಮೊದಲು ನೆಲ ಬಿಡಬೇಕು, ಒಳಗಿನ ಅರಿವಿನ ಮಾತು ಆಮೇಲೆ. ಪೋರುಮಾಮಿಳ್ಳದ ಶಾಸನ ಹೇಳಿದ ಆರು ದೋಷಗಳಿಗೆ ನಮ್ಮ ಕಾಲ ಸೇರಿಸಿದ ಏಳನೆಯ ದೋಷವೊಂದಿದ್ದರೆ ಅದು ಅಂಗಳದೊಳಗೆ ಬಂದ ನೇಗಿಲು. ಅದರ ಹಿಂದೆ ಬೀಜ ಬಿಟ್ಟ ಕೈ ನಮ್ಮದು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೀಪಗಳನ್ನು ದಾಟಿ ರಾತ್ರಿ ಮನೆಗೆ ಬಂದೆವು. ಮಲಗುವ ಮುನ್ನ ಮನೆಯವರಿಗೆ ಮನಸ್ಸಿನಲ್ಲಿದ್ದುದನ್ನು ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅಕ್ಕಿ ಅಂಗಡಿಯಲ್ಲಿಯೂ ಸಿಗುತ್ತದೆ. ಮೈದುನನಿಗೆ ಮಾತ್ರ ಅನ್ಯಾಯವಾಗಬಾರದು” ಎಂದರು. ಆ ಎರಡನೆಯ ಮಾತು ನಮ್ಮ ತಲೆಗೆ ಹೊಳೆದಿರಲಿಲ್ಲ.

ಮರುದಿನವೇ ಊರಿಗೆ ಹೋದೆವು. ತಮ್ಮ ಮೊದಲು ಸಿಟ್ಟಾದ. “ಅಣ್ಣಾ, ನೀವು ಪುರಾಣದಾಗ ಹೇಳಾದು ಬ್ಯಾರೆ, ಒಕ್ಕಲುತನ ಬ್ಯಾರೆ. ನಿಮಗ ಪಿಂಚಣಿ ಬರ್ತದ. ನನಗ ಮಗಳ ಮದುವಿ ಸಾಲ ಐತಿ. ಉಳಿದವರು ಬಿಡ್ತಾರೇನು? ನಾನೊಬ್ಬನೇ ಯಾಕ ಬಿಡಬೇಕು?” ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತ್ಯಾಗದ ಕೀರ್ತಿ ನಮಗೆ, ನಷ್ಟ ಅವನಿಗೆ ಎಂದಾದರೆ ಅದು ಯಾವ ಧರ್ಮ? ನಮ್ಮ ಪಾಲಿಗೆ ಬಂದು ಅವನೇ ಕೋರಿಗೆ ಉಳುತ್ತಿದ್ದ ಕಾಲುವೆ ಕೆಳಗಿನ ಪಟ್ಟಾ ಜಮೀನಿನಲ್ಲಿ ಮುಕ್ಕಾಲು ಎಕರೆಯನ್ನು ಅವನ ಹೆಸರಿಗೆ ಬರೆದುಕೊಡುವುದಾಗಿ ಹೇಳಿದೆವು. ಅವನು ಎದ್ದು ಹೊರಗೆ ಹೋದ. ಅರ್ಧ ಗಂಟೆಯ ಮೇಲೆ ಬಂದು, “ನಾಟಿ ಮಾಡೀನಿ. ಈ ಬೆಳಿ ಕೊಯ್ಕೊಂಡು ಬಿಡ್ತೀನಿ. ಊಟ ಮಾಡಿ ಹೋಗ್ರಿ” ಎಂದ. ಏಪ್ರಿಲ್ ತಿಂಗಳಲ್ಲಿ ಕೊಯಿಲು ಮುಗಿಯಿತು, ಪತ್ರವೂ ಆಯಿತು.

ಮೇ ತಿಂಗಳಲ್ಲಿ ಹೂಳೆತ್ತುವ ಕೆಲಸದ ಪೂಜೆಗೆ ಹೋದೆವು. ಮಾತಾಡಲು ಹೇಳಿದಾಗ ನಾವು ಹೇಳಿದ್ದು ಒಂದೇ ವಾಕ್ಯ: ಐವತ್ತೆರಡು ವರ್ಷದ ಹಿಂದೆ ಇಲ್ಲಿ ಬೀಜ ಬಿಟ್ಟವರು ನಾವು, ತಪ್ಪಾಯಿತು. ಅಂಗಳಕ್ಕೆ ಇಳಿದಿದ್ದ ಐದು ಮನೆಗಳಲ್ಲಿ ಮೂವರು ಬಿಟ್ಟುಕೊಟ್ಟರು. ಇಬ್ಬರು ಇನ್ನೂ ಬಿಟ್ಟಿಲ್ಲ. ಅವರ ಮನೆಯ ಕಷ್ಟವನ್ನು ನೋಡಿದರೆ ನಾವು ಗಟ್ಟಿಯಾಗಿ ಹೇಳಲಾರೆವು. ತೆಗೆದ ಹೂಳನ್ನು ರೈತರು ತಮ್ಮ ಹೊಲಗಳಿಗೆ ಹೊಡೆದುಕೊಂಡರು. ಆ ಮಳೆಗಾಲದಲ್ಲಿ ಅರ್ಧ ಕೆರೆಯಷ್ಟು ನೀರು ನಿಂತಿತು. ದೀಪಾವಳಿಗೆ ಹೋದಾಗ ಮೊಮ್ಮಗಳು ಏರಿಯ ಮೇಲೆ ನಿಂತು ಎಣಿಸಿದಳು: ಎಂಟು ಬೆಳ್ಳಕ್ಕಿ, ಒಂದು ನೀರುಕಾಗೆ. ತಮ್ಮನೂ ಜೊತೆಗೆ ನಿಂತಿದ್ದ. “ಒಂಬತ್ತು” ಎಂದ.

ವಾಚಕ ಬಂಧುಗಳೇ, ಬಿಡುವು ಮಾಡಿಕೊಂಡು ಹಂಪೆಯನ್ನು ನೋಡಿರಿ. ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋಗುವುದಾದರೆ ಮಕ್ಕಳನ್ನು ಅಂಕಸಮುದ್ರಕ್ಕೂ ಕರೆದುಕೊಂಡು ಹೋಗಿರಿ. ಏರಿಯ ಮೇಲೆ ಗದ್ದಲ ಮಾಡಬೇಡಿರಿ, ತಿಂಡಿಯ ಚೀಲಗಳನ್ನು ನೀರಿಗೆ ಎಸೆಯಬೇಡಿರಿ. ಮರಳಿ ಬರುವಾಗ ನಿಮ್ಮ ಹುಟ್ಟೂರಿನ ಕೈಮರ ದಾರಿಯಲ್ಲಿ ಸಿಕ್ಕರೆ, ತಡವಾಗುತ್ತದೆಯೆಂದು ನಾವು ಮಾಡಿದಂತೆ ಮುಂದೆ ಹೋಗಬೇಡಿರಿ. ಒಮ್ಮೆ ಒಳಗೆ ತಿರುಗಿ ಊರ ಕೆರೆಯನ್ನು ನೋಡಿ ಬನ್ನಿರಿ. ಶರಣು ಶರಣಾರ್ಥಿ.